ಲೈಟ್ ಬಿಲ್ಲಿನಲ್ಲಿ ಹೆಸರಿದ್ದವರಿಗೆ ನೀರು ಯಾಕಿಲ್ಲ? ಮುಂಬೈಯ ಮೂವತ್ತೇಳು ಮನೆಗಳ ಒಂದು ಪ್ರಕರಣ

ಈ ಪ್ರಕರಣ ನನ್ನ ಕಣ್ಣಿಗೆ ಬಿದ್ದದ್ದು ಹಾಜರಿ ಪುಸ್ತಕದಲ್ಲಿ.

2018ರ ಜನವರಿ. ಆಗ ನಾನು ಮುಂಬೈಯ ಪೂರ್ವ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತಿದ್ದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಶಾಲೆಯ ಮಕ್ಕಳು ಜಾಸ್ತಿ ಕರಾವಳಿಯವರು, ಹೋಟೆಲು ಕೆಲಸದವರ ಮನೆಯವರು. ಬರಬರುತ್ತಾ ಕಲಬುರಗಿ, ಯಾದಗಿರಿ ಕಡೆಯ ಕೂಲಿಕಾರರ ಮಕ್ಕಳೇ ಹೆಚ್ಚಾದರು. ಅವರಲ್ಲಿ ಒಬ್ಬ ಹುಡುಗಿ ವಾರದಲ್ಲಿ ಎರಡು ಮೂರು ದಿನ ಬರುತ್ತಲೇ ಇರಲಿಲ್ಲ. ಬಂದ ದಿನ ಎರಡನೇ ಪಿರಿಯಡ್ ಮುಗಿದಿರುತ್ತಿತ್ತು. ಅವಳ ತಮ್ಮ ಅದೇ ಶಾಲೆಯ ಎರಡನೇ ತರಗತಿಯಲ್ಲಿದ್ದ. ಅವನು ದಿನಾ ಸರಿಯಾದ ಹೊತ್ತಿಗೆ ಬರುತ್ತಿದ್ದ.

ಕಾರಣ ಕೇಳಿದರೆ ಒಂದೇ ಉತ್ತರ: "ನೀರ ಬಂದಿದ್ವು ಅಕ್ಕೋರೆ."

ನಮ್ಮ ಕಡೆ ನೀರು ಬಂತು ಅನ್ನುತ್ತೇವೆ. ಕಲಬುರಗಿಯವರ ಬಾಯಲ್ಲಿ ನೀರು ಬಹುವಚನ. ನೀರು ಬಂದವು, ಹೋದವು, ಸಾಲವು. ಅವಳ ಮಾತು ಕೇಳಲು ಚೆಂದ ಅನ್ನಿಸುತ್ತಿತ್ತು, ಅಷ್ಟೇ. ಅದರ ಹಿಂದೆ ಏನಿದೆ ಅಂತ ನಾನು ಯೋಚಿಸಲಿಲ್ಲ. "ಮಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿ" ಅಂತ ಅವಳ ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದು ಕಳಿಸಿದೆ. ಅವಳ ಅವ್ವನಿಗೆ ಓದಲು ಬರುವುದಿಲ್ಲ. ಆ ಬರಹವನ್ನು ಅವ್ವನಿಗೆ ಓದಿ ಹೇಳಿದ್ದು ಆ ಹುಡುಗಿಯೇ. ಇದು ಗೊತ್ತಾದ ದಿನ ನನಗೆ ಬಹಳ ನೋವಾಯಿತು. ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಜೊತೆಗೇ ಮನೆಗೆ ಹೋದೆ.

ಇದನ್ನು ಬರೆಯಲು ಆ ಗಲ್ಲಿಯವರೆಲ್ಲರ ಒಪ್ಪಿಗೆ ಇದೆ. ಆದರೂ ಹೆಸರು, ಗಲ್ಲಿ, ಕಚೇರಿ ಯಾವುದನ್ನೂ ಹೇಳುವುದಿಲ್ಲ. ಇನ್ನೂ ಅರ್ಧ ಕೆಲಸ ಬಾಕಿ ಇದೆ.

ಖಾಡಿ ದಂಡೆಯ ಗಲ್ಲಿ

ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಇಳಿಯುವ ಒಂದು ಉದ್ದ ಗಲ್ಲಿ. ಮೇಲ್ತುದಿಯಲ್ಲಿ ಡಾಂಬರು ರಸ್ತೆ, ಕೆಳತುದಿಯಲ್ಲಿ ಕಾಂಡ್ಲ ಗಿಡಗಳು ಮತ್ತು ಕೆಸರು. ನಡುವೆ ಎರಡು ಸಾಲಿನಲ್ಲಿ ಮೂವತ್ತೇಳು ಮನೆ. ಪತ್ರಾ (ತಗಡು) ಗೋಡೆ, ಪತ್ರಾ ಮಾಡು, ಮೇಲೆ ನೀಲಿ ತಾಡಪತ್ರಿ. ಬಹುತೇಕ ಮನೆಯವರು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಕಲಬುರಗಿಯಿಂದಲೋ ಯಾದಗಿರಿಯಿಂದಲೋ ಬಂದವರು. ಊರಲ್ಲಿ ತೊಗರಿ ಕೈಕೊಟ್ಟ ವರ್ಷ ಬಂದರು, ಇಲ್ಲೇ ಉಳಿದರು. ಬೆಳಿಗ್ಗೆ ನಾಕಾದ ಮೇಲೆ, ಅಂದರೆ ಕೂಲಿಯವರನ್ನು ಕರೆಯುವ ರಸ್ತೆ ಕೂಡುವ ಜಾಗದಲ್ಲಿ, ನಿಲ್ಲುತ್ತಾರೆ. ಮೇಸ್ತ್ರಿ ಕರೆದರೆ ಸಿಮೆಂಟು, ಇಟ್ಟಿಗೆ ಹೊರುವ ಕೆಲಸ. ಕರೆಯದಿದ್ದರೆ ಹತ್ತು ಗಂಟೆಗೆ ಮನೆಗೆ ವಾಪಸ್.

ಪ್ರತಿ ಮನೆಯ ಮುಂದೆ ಒಂದೋ ಎರಡೋ ನೀಲಿ ಡ್ರಮ್ಮು. ಮುಚ್ಚಳಕ್ಕೆ ಬೀಗ. ನೀರಿನ ಡ್ರಮ್ಮಿಗೆ ಬೀಗ ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗಲ್ಲಿಗೆ ನಳ ಇರಲಿಲ್ಲ. ರಸ್ತೆಯ ಆಚೆ ಹಳೆಯ ಚಾಳ್ (ಸಾಲುಮನೆ) ಒಂದಿದೆ, ಅಲ್ಲಿ ನಳ ಇದೆ. ಅಲ್ಲಿಯ ಒಬ್ಬರು ತಮ್ಮ ಮನೆಯ ನೀರು ತುಂಬಿಕೊಂಡ ಮೇಲೆ, ಬೆಳಿಗ್ಗೆ ಆರೂವರೆಯ ಹೊತ್ತಿಗೆ, ಮೋಟರ್ ಹಾಕಿ ಉದ್ದದ ಪೈಪಿನಲ್ಲಿ ಈಚೆಗೆ ನೀರು ಬಿಡುತ್ತಿದ್ದರು. ಮೂವತ್ತೈದು ಲೀಟರಿನ ಕ್ಯಾನಿಗೆ ಇಪ್ಪತ್ತು ರೂಪಾಯಿ. ಎಂಟೂವರೆಯ ತನಕ ಸಾಲು. ನಮ್ಮ ಶಾಲೆಯ ಬೆಳಗಿನ ಪಾಳಿ ಶುರುವಾಗುವುದು ಏಳೂ ಇಪ್ಪತ್ತಕ್ಕೆ. ಅಪ್ಪ ಅವ್ವ ಇಬ್ಬರೂ ಏಳರೊಳಗೆ ನಾಕಾಕ್ಕೆ ಹೋಗಲೇಬೇಕು. ತಡವಾದರೆ ಆ ದಿನದ ಕೂಲಿ ಇಲ್ಲ. ಹಾಗಾಗಿ ಸಾಲಿನಲ್ಲಿ ನಿಲ್ಲುವವಳು ಮಗಳು. ಮಗ ಸಣ್ಣವನು, ಕ್ಯಾನು ಎತ್ತಲಾರ ಅಂದರು. ಹುಡುಗಿ ಅವನಿಗಿಂತ ಎರಡೇ ವರ್ಷ ದೊಡ್ಡವಳು.

ನೀರು ಮಾರುತ್ತಿದ್ದವರನ್ನು ನಾನು ಬೈಯುವುದಿಲ್ಲ. ಅವರದೂ ಹತ್ತಡಿಯ ಮನೆ. ಮಾರುವುದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಅವರ ನಳವೂ ಹೋಗುತ್ತದೆ. ಆ ಹೆದರಿಕೆಯ ಬೆಲೆಯೂ ಆ ಇಪ್ಪತ್ತು ರೂಪಾಯಿಯೊಳಗೆ ಸೇರಿತ್ತು.

ಇಪ್ಪತ್ತು ರೂಪಾಯಿಯ ಲೆಕ್ಕ

ಅವ್ವನ ಜೊತೆ ಕೂತು ಲೆಕ್ಕ ಹಾಕಿದೆ. ಮನೆಯಲ್ಲಿ ಐದು ಜನ, ಆಯಿಯೂ (ಅಜ್ಜಿ) ಸೇರಿ. ದಿನಕ್ಕೆ ನಾಲ್ಕು ಕ್ಯಾನು ಅಂದರೆ 140 ಲೀಟರ್. ತಲೆಗೆ 28 ಲೀಟರ್. ಕುಡಿಯುವುದು, ಅಡುಗೆ, ಪಾತ್ರೆ, ಬಟ್ಟೆ, ಸ್ನಾನ, ಪಾಯಖಾನೆಗೆ ಒಯ್ಯುವ ಡಬ್ಬಿ ಎಲ್ಲ ಇದರಲ್ಲೇ. ಮುಂಬೈ ನಗರಪಾಲಿಕೆಯ ಅಳತೆಯಲ್ಲಿ ಝೋಪಡಪಟ್ಟಿಯವರಿಗೆ (ಕೊಳೆಗೇರಿಯವರಿಗೆ) ದಿನಕ್ಕೆ ತಲೆಗೆ 45 ಲೀಟರ್, ಕಟ್ಟಡದಲ್ಲಿ ಇರುವವರಿಗೆ 135 ಲೀಟರ್. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಇವರಿಗೆ ಆ ಚಿಕ್ಕ ಸಂಖ್ಯೆಯೂ ಸಿಗುತ್ತಿರಲಿಲ್ಲ.

ದಿನಕ್ಕೆ ಎಂಬತ್ತು ರೂಪಾಯಿ. ತಿಂಗಳಿಗೆ ಎರಡು ಸಾವಿರದ ನಾನೂರು. ಸಾವಿರ ಲೀಟರಿಗೆ ಹಾಕಿ ನೋಡಿದರೆ 570 ರೂಪಾಯಿ ದಾಟುತ್ತದೆ. ನಗರಪಾಲಿಕೆ ಝೋಪಡಿಗಳ ಮನೆಬಳಕೆಗೆ ಅದೇ ಸಾವಿರ ಲೀಟರನ್ನು ಹತ್ತು ರೂಪಾಯಿಗೂ ಕಡಿಮೆಗೆ ಕೊಡುತ್ತದೆ. ಬಡವರು ಪುಕ್ಕಟೆ ನೀರು ಕೇಳುತ್ತಾರೆ ಅನ್ನುವವರು ಈ ಲೆಕ್ಕವನ್ನು ಒಂದು ಸಲ ಮಾಡಿ ನೋಡಬೇಕು. ಆ ಗಲ್ಲಿಯಲ್ಲಿ ಪುಕ್ಕಟೆ ಕೇಳಿದವರು ಒಬ್ಬರೂ ನನಗೆ ಸಿಗಲಿಲ್ಲ. ಬಿಲ್ಲು ಕೊಡಿ, ಕಟ್ಟುತ್ತೇವೆ ಅಂತಲೇ ಎಲ್ಲರೂ ಹೇಳಿದ್ದು.

ನೀರಿನ ಗುಣದ ವಿಷಯ ಬೇರೆ. ಮುಂಬೈಯಲ್ಲಿ ಹೆಚ್ಚಿನ ಕಡೆ ನೀರು ದಿನವಿಡೀ ಬರುವುದಿಲ್ಲ. ಚಾವಿವಾಲಾ, ಅಂದರೆ ನಗರಪಾಲಿಕೆಯ ನೀರು ಬಿಡುವವರು, ಬಂದು ರಸ್ತೆಯ ವಾಲ್ವ್ ತಿರುಗಿಸಿದಾಗ ಒಂದು ಪ್ರದೇಶಕ್ಕೆ ಕೆಲವು ಗಂಟೆ ಬಿಡುತ್ತಾರೆ, ಆಮೇಲೆ ಇನ್ನೊಂದು ಪ್ರದೇಶಕ್ಕೆ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಪೈಪು ಗಟಾರದೊಳಗಿಂದ ಹಾದು ಬಂದಿದ್ದರೆ, ಎಲ್ಲೋ ಒಂದು ಕಡೆ ಬಿರುಕು ಇದ್ದರೆ, ಗಟಾರದ ನೀರು ಒಳಗೆ ಹೋಗುತ್ತದೆ. ಮೋಟರ್ ಹಾಕಿ ಎಳೆದರೆ ಇನ್ನೂ ಜಾಸ್ತಿ. ಈ ವಿಜ್ಞಾನ ಗಲ್ಲಿಯ ಹೆಂಗಸರಿಗೆ ಯಾರೂ ಕಲಿಸಿರಲಿಲ್ಲ. ಆದರೂ ಮೊದಲ ಕ್ಯಾನನ್ನು ಯಾರೂ ಕುಡಿಯಲು ಇಡುತ್ತಿರಲಿಲ್ಲ, ಅದು ಬಟ್ಟೆಗೆ. ಮಳೆಗಾಲದಲ್ಲಿ ಎರಡನೆಯದೂ ನಾರುತ್ತಿತ್ತು. ಆ ವರ್ಷ ಜುಲೈಯಲ್ಲಿ ನನ್ನ ತರಗತಿಯ ನಾಲ್ಕು ಮಕ್ಕಳಿಗೆ ಕಾಮಾಲೆ ಆಯಿತು. ಮೂವರು ಇದೇ ಗಲ್ಲಿಯವರು.

ಕಾಗದ

ಯಾಕೆ ನಳ ಇಲ್ಲ ಅಂತ ಕೇಳಿದಾಗ ಅವ್ವ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲ ತಂದರು. ಆಧಾರ್, ವೋಟರ್ ಕಾರ್ಡು, ರೇಷನ್ ಕಾರ್ಡಿನ ಝೆರಾಕ್ಸು, ಮೂರು ವರ್ಷದ ಲೈಟ್ ಬಿಲ್ಲು, ಎಲ್ಲವನ್ನೂ ಮಡಿಚಿ ಇಟ್ಟಿದ್ದರು. ಬಿಲ್ಲನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ಲೈಟ್ ಬಿಲ್ಲಿನಾಗ ನನ್ನ ಹೆಸ್ರು ಅದರಿ ಅಕ್ಕೋರೆ. ನೀರಿಗಿ ಬಂದ್ರ ನಾ ಇಲ್ಲೇ ಇಲ್ಲೇನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿದಾಗ ಗೊತ್ತಾಗಿದ್ದು ಇಷ್ಟು. 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ, ಜಾಗದ ಮಾಲೀಕ ಕೇಳಿದರೂ ಅಲ್ಲಿ ವಾಸ ಇರುವವರು ಕೇಳಿದರೂ ಕರೆಂಟು ಕೊಡಬೇಕು ಅನ್ನುತ್ತದೆ. ಜಾಗ ಯಾರದು ಅನ್ನುವ ಪ್ರಶ್ನೆಗೆ ಅಲ್ಲಿ ಅಷ್ಟು ಮಹತ್ವ ಇಲ್ಲ. ನೀರಿನ ವಿಷಯದಲ್ಲಿ ಮುಂಬೈ ಬೇರೆ ದಾರಿ ಹಿಡಿಯಿತು. 1996ರಲ್ಲಿ ಮಹಾರಾಷ್ಟ್ರ ಸರಕಾರ ಒಂದು ಸುತ್ತೋಲೆ ಹೊರಡಿಸಿತು. 1995ರ ಜನವರಿ 1ರ ನಂತರ ಎದ್ದ ಝೋಪಡಿಗಳಿಗೆ ನೀರು ಕೊಡಬೇಡಿ ಅಂತ. ಮುಂದೆ ಆ ಗಡಿ ದಿನಾಂಕ 2000ದ ಜನವರಿ 1 ಆಯಿತು. ನೀರು ಕೊಟ್ಟರೆ ಜನ ನೆಲೆಯೂರುತ್ತಾರೆ, ಕೊಡದಿದ್ದರೆ ಬರುವುದಿಲ್ಲ ಅನ್ನುವುದು ಅದರ ಹಿಂದಿನ ಯೋಚನೆ. ಆದರೆ ಜನ ಬರುವುದು ಕೆಲಸಕ್ಕೆ. ಇದೇ ಗಲ್ಲಿಯ ಜನ ಹೊತ್ತ ಇಟ್ಟಿಗೆಯ ಕಟ್ಟಡಗಳಲ್ಲಿ ಇವತ್ತು ಇಪ್ಪತ್ತನೇ ಮಹಡಿಗೂ ನೀರು ಏರುತ್ತದೆ.

2011ರ ಜನಗಣತಿಯ ಪ್ರಕಾರ ಈ ನಗರದ ಹತ್ತರಲ್ಲಿ ನಾಲ್ವರು ಝೋಪಡಪಟ್ಟಿಯಲ್ಲಿದ್ದರು. ಅವರಲ್ಲಿ 2000ದ ನಂತರ ಬಂದವರಿಗಾಗಿ ನೀರಿನ ಹಕ್ಕಿಗಾಗಿ ದುಡಿಯುವ ಪಾಣಿ ಹಕ್ ಸಮಿತಿಯವರು ಬಾಂಬೆ ಹೈಕೋರ್ಟಿಗೆ ಹೋದರು. 2012ರ ಆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2014ರ ಡಿಸೆಂಬರ್ 15ರಂದು ನ್ಯಾಯಮೂರ್ತಿಗಳಾದ ಅಭಯ ಓಕಾ ಮತ್ತು ಎ. ಎಸ್. ಗಡ್ಕರಿ ಆದೇಶ ಕೊಟ್ಟರು. ಓಕಾ ಅವರು ನಮ್ಮವರಿಗೆ ಪರಿಚಿತರೇ, ಮುಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು. ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಬರುತ್ತದೆ, ಝೋಪಡಿ ಅಕ್ರಮ ಅನ್ನುವ ಒಂದೇ ಕಾರಣಕ್ಕೆ ಕುಡಿಯುವ ನೀರು ಪೂರ್ತಿ ನಿರಾಕರಿಸಲಾಗದು ಅಂತ ಅವರು ಹೇಳಿದರು. ಕಾನೂನುಬದ್ಧ ಮನೆಗಳಿಗೆ ಕೊಡುವ ಹಾಗೆಯೇ ಕೊಡಬೇಕಾಗಿಲ್ಲ, ಮನೆಯೊಳಗೆ ಅಲ್ಲದಿದ್ದರೂ ಒಂದು ಸಾರ್ವಜನಿಕ ಜಾಗದಲ್ಲಿ ಕೊಡಬಹುದು ಅಂತಲೂ ಇತ್ತು.

ಇದರ ಮೇಲೆ ನಗರಪಾಲಿಕೆ 2017ರಲ್ಲಿ ಹೊಸ ನೀತಿ ಮಾಡಿತು. 2000ದ ನಂತರದ ಝೋಪಡಿಗಳಿಗೂ ನಳ. ಕಡಿಮೆ ಅಂದರೆ ಐದು ಮನೆಯ ಗುಂಪಿಗೆ ಒಂದು. ಆದರೆ ಫುಟ್‌ಪಾತಿನವರಿಗೆ ಇಲ್ಲ. ಕೇಂದ್ರ ಸರಕಾರದ ಜಮೀನಾದರೆ ಆ ಇಲಾಖೆಯ ಎನ್‌ಓಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ಬೇಕು. ಈ ಕೊನೆಯ ಸಾಲನ್ನು ನಾನು ಮೊದಲ ಸಲ ಓದಿದಾಗ ಬೇಗ ಬೇಗ ದಾಟಿ ಹೋದೆ. ಇಡೀ ಪ್ರಕರಣ ನಿಂತದ್ದು ಆ ಸಾಲಿನ ಮೇಲೆಯೇ.

ಅರ್ಜಿ

2018ರ ದೀಪಾವಳಿ ರಜೆಯಲ್ಲಿ ಮೊದಲ ಅರ್ಜಿ. ನೀರಿನ ಅರ್ಜಿಯನ್ನು ನಾವೇ ಕೊಡಲು ಬರುವುದಿಲ್ಲ, ಲೈಸನ್ಸ್ ಇರುವ ಪ್ಲಂಬರ್ ಮೂಲಕವೇ ಹೋಗಬೇಕು. ಮೊದಲ ಪ್ಲಂಬರ್ ಪ್ರತಿ ಮನೆಯಿಂದ ಮುಂಗಡ ತೆಗೆದುಕೊಂಡರು, ಎರಡು ತಿಂಗಳ ನಂತರ ಫೋನ್ ಎತ್ತುವುದನ್ನೇ ಬಿಟ್ಟರು. ಹಣ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ, ಗಲ್ಲಿಯವರ ನಂಬಿಕೆ ಹೋಯಿತು. ಮತ್ತೆ ಸಭೆ ಕರೆದರೆ ಮೂವತ್ತೇಳು ಮನೆಯಲ್ಲಿ ಒಂಬತ್ತು ಮನೆಯವರು ಬಂದರು. ಅವ್ವ ಮನೆಮನೆಗೆ ಹೋಗಿ ಮಾತಾಡಿ ಒಬ್ಬೊಬ್ಬರನ್ನೇ ಕರೆತಂದರು. ದಿನದ ಕೂಲಿ ಬಿಟ್ಟು ಮಾಡಿದ ಕೆಲಸ ಅದು.

ಎರಡನೇ ಪ್ಲಂಬರ್ ಒಳ್ಳೆಯವರು ಸಿಕ್ಕರು. ಅರ್ಜಿ ಹೋಯಿತು. ನಾಲ್ಕು ತಿಂಗಳ ಮೇಲೆ ವಾಪಸ್ ಬಂತು. ಜಮೀನು ಕೇಂದ್ರ ಸರಕಾರದ್ದು ಅನ್ನಿಸುತ್ತದೆ, ಎನ್‌ಓಸಿ ತನ್ನಿ ಅಂತ. ಯಾವ ಇಲಾಖೆ ಅಂತ ಅದರಲ್ಲಿ ಬರೆದಿರಲಿಲ್ಲ. ಒಂದು ಕಚೇರಿಯವರು ನಮ್ಮದಲ್ಲ ಅಂದರು. ಇನ್ನೊಂದು ಕಚೇರಿಯವರು, ನಮ್ಮದಾದರೆ ನೀವು ಅಲ್ಲಿ ಇರಲೇಬಾರದು, ಎನ್‌ಓಸಿ ಹೇಗೆ ಕೊಡುವುದು ಅಂದರು. ಆಮೇಲೆ ಗಲ್ಲಿಯವರು ಹೆದರಿದರು. ನೀರು ಕೇಳಲು ಹೋಗಿ ಮನೆಯನ್ನೇ ಕಳೆದುಕೊಂಡರೆ? ಆ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಬುಲ್ಡೋಜರ್ ನೋಡಿದವರು ಅವರಲ್ಲಿ ಇದ್ದರು.

2020ರ ಮಾರ್ಚ್, ಕೊರೊನಾ ಬಂತು. ಯಾರಿಗೆ ಫೋನ್ ಮಾಡಿದರೂ ಮಾತಿಗೆ ಮೊದಲು ಕೈ ತೊಳೆಯಿರಿ ಅನ್ನುವ ಸೂಚನೆ ಕೇಳುತ್ತಿತ್ತು. ನಾಕಾ ಬಂದ್, ಕೂಲಿ ಬಂದ್, ಆದರೆ ಕ್ಯಾನಿನ ಇಪ್ಪತ್ತು ರೂಪಾಯಿ ಬಂದ್ ಆಗಲಿಲ್ಲ. ಹದಿನಾರು ಮನೆಯವರು ಊರಿಗೆ ಹೋದರು. ಆ ಹುಡುಗಿಯ ಮನೆಯವರೂ ಹೋದರು. ಆಗ ಅವಳು ಆರನೇ ತರಗತಿ. ಒಂದು ವರ್ಷ ಅವಳ ಸುದ್ದಿ ನನಗೆ ಸಿಗಲಿಲ್ಲ. ನಾನೂ ಅದೇ ಹೊತ್ತಿನಲ್ಲಿ ನಿವೃತ್ತಳಾದೆ.

ಗೆರೆ

2021ರ ಕೊನೆಗೆ ಅವರೆಲ್ಲ ತಿರುಗಿ ಬಂದಿದ್ದರು. 2022ರ ಮೇ ತಿಂಗಳಲ್ಲಿ ನಗರಪಾಲಿಕೆ 'ಎಲ್ಲರಿಗೂ ನೀರು' ಅನ್ನುವ ಯೋಜನೆ ಶುರು ಮಾಡಿತು. ಹಿಂದೆ ಬಿಟ್ಟುಹೋದವರಿಗೂ ಮಾನವೀಯ ನೆಲೆಯಲ್ಲಿ ನೀರು ಅನ್ನುವುದು ಅದರ ಮಾತು. ಅಷ್ಟರಲ್ಲಿ ನಗರಸೇವಕರ (ಕಾರ್ಪೊರೇಟರುಗಳ) ಅವಧಿ ಮಾರ್ಚಿನಲ್ಲೇ ಮುಗಿದಿತ್ತು. ಹಿಂದೆ ಯಾರ ಬಾಗಿಲು ತಟ್ಟುತ್ತಿದ್ದೆವೋ ಅವರಿಗೆ ಈಗ ಅಧಿಕಾರವೇ ಇರಲಿಲ್ಲ.

ಈ ಸಲ ಕೆಲಸ ಮುಂದೆ ಹೋದದ್ದು ಗಲ್ಲಿಯ ಒಬ್ಬ ಹುಡುಗನಿಂದ. ಸಿವಿಲ್ ಡಿಪ್ಲೊಮಾ ಓದುತ್ತಿದ್ದ. "ಜಮೀನು ಯಾರದು ಅಂತ ನಾವೇ ಯಾಕೆ ನೋಡಬಾರದು ಟೀಚರ್?" ಅಂದ. ನಾಲ್ಕು ವರ್ಷ ಓಡಾಡಿದ ನಮಗೆ ಈ ಸರಳ ಪ್ರಶ್ನೆ ಹೊಳೆದಿರಲಿಲ್ಲ. ಸಿಟಿ ಸರ್ವೆ ಕಚೇರಿಯಿಂದ ನಕ್ಷೆ ಮತ್ತು ಪ್ರಾಪರ್ಟಿ ಕಾರ್ಡು ತಂದ. ಮುಂಬೈ ಉಪನಗರದ ಪ್ರತಿ ತುಂಡು ನೆಲಕ್ಕೂ ಒಂದು ಸಿಟಿಎಸ್ ನಂಬರ್, ಅಂದರೆ ಸಿಟಿ ಸರ್ವೆ ನಂಬರ್, ಇರುತ್ತದೆ, ಕಾರ್ಡಿನಲ್ಲಿ ಮಾಲೀಕರ ಹೆಸರು ಇರುತ್ತದೆ. ನಕ್ಷೆ ಬಿಡಿಸಿ ನೋಡಿದರೆ ಗಲ್ಲಿ ಎರಡು ನಂಬರಿನಲ್ಲಿ ಕೂತಿತ್ತು. ರಸ್ತೆ ಕಡೆಯ ಹದಿನೈದು ಮನೆ ರಾಜ್ಯ ಸರಕಾರದ ಜಾಗದಲ್ಲಿ. ಖಾಡಿ ಕಡೆಯ ಇಪ್ಪತ್ತೆರಡು ಮನೆ ಕೇಂದ್ರದ ಜಾಗದಲ್ಲಿ.

ಗೆರೆ ಹಾದು ಹೋಗಿದ್ದು ಒಂದು ಗೋಡೆಯ ಮೇಲೆ. ಗೋಡೆಯ ಆಚೆ ಹುಡುಗಿಯ ಮನೆ.

ಅದನ್ನು ಅವ್ವನಿಗೆ ಹೇಳುವ ಕೆಲಸ ನನಗೆ ಬಂತು. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಗ್ವಾಡಿ ನಮ್ದೇ ಅದರಿ. ಇಬ್ರೂ ಕೂಡೇ ಕಟ್ಟಿದ್ದು" ಅಂದರು. ಮತ್ತೇನೂ ಹೇಳಲಿಲ್ಲ. ಮರುದಿನ ಹದಿನೈದು ಮನೆಯವರ ಕಾಗದದ ಕಟ್ಟು ಹಿಡಿದು ಪ್ಲಂಬರ್ ಹತ್ತಿರ ಹೋದವರಲ್ಲಿ ಅವರೂ ಇದ್ದರು. ನೀವ್ಯಾಕೆ ಬಂದಿರಿ ಅಂತ ಯಾರೂ ಕೇಳಲಿಲ್ಲ. ನನಗಂತೂ ಅವರ ಮುಖ ನೋಡುವ ಧೈರ್ಯ ಆಗಲಿಲ್ಲ.

ಹದಿನೈದು ಮನೆ, ಐದೈದರ ಮೂರು ಗುಂಪು, ಮೂರು ನಳ. ರಸ್ತೆ ಅಗೆಯುವ ಶುಲ್ಕ, ಪೈಪು, ಮೀಟರ್, ಕೂಲಿ ಸೇರಿ ಮನೆಗೆ ಮೂರೂವರೆ ಸಾವಿರ ಬಿತ್ತು. ಕ್ಯಾನಿನ ನೀರಿಗೆ ಒಂದೂವರೆ ತಿಂಗಳಿಗೆ ಕೊಡುತ್ತಿದ್ದ ದುಡ್ಡು ಅದು. 2023ರ ಫೆಬ್ರುವರಿಯ ಒಂದು ಸಂಜೆ ನಾಲ್ಕೂವರೆಗೆ ನೀರು ಬಂದವು. ನಾನು ಅಲ್ಲೇ ಇದ್ದೆ. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ಆಯಿ ಒಬ್ಬರು ಮೀಟರಿಗೆ ಕುಂಕುಮ ಹಚ್ಚಿದರು.

ಈಗ

ಸಂಜೆ ನಾಲ್ಕೂವರೆಯ ನೀರು ಅನ್ನುವುದು ಸಣ್ಣ ವಿಷಯ ಅಲ್ಲ. ಬೆಳಗಿನ ಸಾಲು ಹೋಯಿತು. ಗಲ್ಲಿಯ ಹೆಣ್ಣುಮಕ್ಕಳು ಬೆಳಗಿನ ಪಾಳಿಗೆ ಸರಿಯಾಗಿ ಹೋಗುತ್ತಿದ್ದಾರೆ. ಚಾವಿವಾಲಾ ವಾಲ್ವ್ ತಿರುಗಿಸುವ ಹೊತ್ತು ಬೆಳಿಗ್ಗೆ ಆಗಿದ್ದರೆ ನಳ ಬಂದೂ ಇಷ್ಟು ಬದಲಾವಣೆ ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ನೀರಿನ ಯೋಜನೆ ಮಾಡುವವರು ಎಷ್ಟು ಲೀಟರ್ ಅಂತ ಲೆಕ್ಕ ಹಾಕುತ್ತಾರೆ. ಎಷ್ಟು ಗಂಟೆಗೆ, ಆ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಅಂತಲೂ ಕೇಳಬೇಕು, ಅಲ್ವಾ?

ಇಪ್ಪತ್ತೆರಡು ಮನೆಗಳಿಗೆ ಇನ್ನೂ ನಳ ಇಲ್ಲ. ಮೊದಲ ವಾರವೇ ಹದಿನೈದು ಮನೆಯವರು ಕೂತು ತೀರ್ಮಾನ ಮಾಡಿದರು. ತಮ್ಮದು ತುಂಬಿದ ಮೇಲೆ ಕೆಳಗಿನವರಿಗೆ ಬಿಡುವುದು, ಕ್ಯಾನಿಗೆ ಎರಡು ರೂಪಾಯಿ, ಅದು ಬಿಲ್ಲಿಗೇ ಹೋಗಬೇಕು. ಗುಂಪಿನ ನಳದಲ್ಲಿ ಒಬ್ಬರ ಕೈಗೆ ಯಜಮಾನಿಕೆ ಹೋದರೆ ಅದು ಮತ್ತೆ ಮಾರುವ ನಳವೇ ಆಗುತ್ತದೆ. ಆದ್ದರಿಂದ ಗುಂಪಿನ ಸೆಕ್ರೆಟರಿ ಪ್ರತಿ ವರ್ಷ ಬದಲು. ಒತ್ತಡ ಕಡಿಮೆ ಇದ್ದ ದಿನ ಮಾತ್ರ ಕೆಳಗಿನ ಮನೆಗಳ ತನಕ ನೀರು ಸಾಲುವುದಿಲ್ಲ. ಏಪ್ರಿಲ್, ಮೇಯಲ್ಲಿ ಅಂಥ ದಿನಗಳು ಜಾಸ್ತಿ. ಆಗ ಜಗಳವೂ ಆಗಿದೆ. ಒಮ್ಮೆ ಅವ್ವನ ಕ್ಯಾನನ್ನೇ ಯಾರೋ ಸಾಲಿನಿಂದ ತೆಗೆದಿಟ್ಟರು. ಇದನ್ನು ಮುಚ್ಚಿಡುವುದು ಸರಿಯಲ್ಲ ಅಂತ ಬರೆಯುತ್ತಿದ್ದೇನೆ.

ಲೆಕ್ಕ ಬರೆಯುವವಳು ಆ ಹುಡುಗಿ. ಗಲ್ಲಿಯವರೇ ಅವಳನ್ನು ಆರಿಸಿದರು. ಯಾವ ಗುಂಪಿಗೂ ಸೇರದವಳು, ಹಾಗಾಗಿ ಎಲ್ಲರಿಗೂ ಅವಳ ಮೇಲೆ ನಂಬಿಕೆ. ಮೀಟರ್ ಓದುತ್ತಾಳೆ, ಕ್ಯಾನು ಎಣಿಸುತ್ತಾಳೆ, ಬಿಲ್ಲು ಬಂದ ದಿನ ಹಂಚಿ ಹೇಳುತ್ತಾಳೆ. ಮನೆಗೆ ತಿಂಗಳಿಗೆ ನೂರು ರೂಪಾಯಿ ಮುಟ್ಟುವುದಿಲ್ಲ.

ಇಪ್ಪತ್ತೆರಡು ಮನೆಗಳ ಅರ್ಜಿಯನ್ನು ಬೇರೆ ಮಾಡಿ ಕೊಟ್ಟಿದ್ದೇವೆ. ಮನೆಯೊಳಗೆ ಬೇಡ, ಗೆರೆಯ ಈಚೆ ರಸ್ತೆ ಪಕ್ಕದಲ್ಲೇ ನಾಲ್ಕು ನಳ ಕೊಡಿ, ನಾವು ಅಲ್ಲಿಂದ ಹೊತ್ತುಕೊಳ್ಳುತ್ತೇವೆ ಅಂತ ಬರೆದಿದ್ದೇವೆ. 2014ರ ಆದೇಶದ ಆ ಪುಟವನ್ನೂ ಲಗತ್ತಿಸಿದ್ದೇವೆ. ಮೊನ್ನೆ ಒಂದು ಲಕೋಟೆ ಬಂದಿದೆ ಅಂತ ಅವ್ವ ಫೋನ್ ಮಾಡಿದ್ದರು. ಕಾಗದ ಮರಾಠಿಯಲ್ಲಿತ್ತು. ಮಗಳು ಫೋನಿನಲ್ಲೇ ಓದಿ ನನಗೆ ಕನ್ನಡದಲ್ಲಿ ಹೇಳಿದಳು: ಸ್ಥಳ ನೋಡಲು ಇಂಜಿನಿಯರ್ ಬರುತ್ತಾರೆ, ಅರ್ಜಿದಾರರು ಹಾಜರಿರಬೇಕು. ಬರುವ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.